ಅತ್ತದ್ದು ಪುಸ್ತಕಕ್ಕೋ, ಪಕ್ಕದವರ ಮಾತಿಗೋ?

ಪ್ರಶ್ನೆ:

ಸರ್, ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 44. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಸಣ್ಣ ಘಟಕವಿದೆ. ಮನೆಮಾತು ತೆಲುಗು, ಓದುವುದು, ಬರೆಯುವುದು, ಪಾಠ ಹೇಳುವುದು ಕನ್ನಡದಲ್ಲಿ. ಒಂದೂವರೆ ವರ್ಷದಿಂದ ಚಿಕ್ಕಬಳ್ಳಾಪುರದ ಓದುಬಳಗವೊಂದಕ್ಕೆ ಹೋಗುತ್ತಿದ್ದೇನೆ. ನಾವು ಹನ್ನೊಂದು ಜನ, ಅದರಲ್ಲಿ ನಾಲ್ವರು ಮಹಿಳೆಯರು. ತಿಂಗಳ ಎರಡನೇ ಭಾನುವಾರ ಸದಸ್ಯರೊಬ್ಬರ ಮನೆಯ ಮಹಡಿಯಲ್ಲಿ ಸೇರುತ್ತೇವೆ.

ಮೂರು ತಿಂಗಳ ಹಿಂದೆ ತ್ರಿವೇಣಿಯವರ ‘ಶರಪಂಜರ’ ಓದಿದೆವು. ಬಾಣಂತನದಲ್ಲಿ ಮಾನಸಿಕ ಕಾಯಿಲೆ ಬಿದ್ದ ಹೆಂಗಸೊಬ್ಬಳ ಕತೆ ಅದು. ನನ್ನ ಅಕ್ಕನಿಗೆ 22 ವರ್ಷಗಳ ಹಿಂದೆ ಎರಡನೇ ಹೆರಿಗೆಯಾದ ಮೇಲೆ ಹೀಗೆಯೇ ಆಗಿತ್ತು. ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದು ಗುಣವಾಗಿ ಬಂದಳು. ಈಗ ಚೆನ್ನಾಗಿದ್ದಾಳೆ. ಕಾದಂಬರಿಯನ್ನು ಮನೆಯಲ್ಲಿ ಎರಡು ರಾತ್ರಿ ಕುಳಿತು ಮುಗಿಸಿದೆ, ಅಳು ಬರಲಿಲ್ಲ. ಸಭೆಯಲ್ಲಿ ಒಬ್ಬರು, ‘ಅಂಥವರು ಹೊರಗೆ ಸರಿಹೋದಂತೆ ಕಂಡರೂ ಒಳಗೆ ಪೂರ್ತಿ ಸರಿಹೋಗುವುದಿಲ್ಲ, ಕಾದಂಬರಿ ಅದನ್ನೇ ತೋರಿಸುತ್ತದೆ’ ಎಂದರು. ನಾನು ಮಾತನಾಡಲು ಹೋಗಿ ಅತ್ತುಬಿಟ್ಟೆ. ನಮ್ಮಲ್ಲಿ ಹಿರಿಯರಾದ ನಿವೃತ್ತ ಅಧಿಕಾರಿಯೊಬ್ಬರು, ‘ಮೇಡಂ, ವೈಯಕ್ತಿಕ ಬೇಡ, ಕೃತಿಯ ಬಗ್ಗೆ ಮಾತನಾಡೋಣ’ ಎಂದರು. ಗಟ್ಟಿಯಾಗೇನೂ ಹೇಳಲಿಲ್ಲ. ಆದರೂ ಎಲ್ಲರೂ ತಲೆ ತಗ್ಗಿಸಿದರು.

ಮುಂದಿನ ತಿಂಗಳು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 60 ಪುಟ ದಾಟಲಾಗಲಿಲ್ಲ. ಎಲ್ಲರೂ ಹೊಗಳುತ್ತಿದ್ದರು, ನಾನೂ ‘ಅದ್ಭುತ’ ಎಂದೆ. ಈಗ ಯಾವ ಪುಸ್ತಕ ಹಿಡಿದರೂ ಸಭೆಯಲ್ಲಿ ಏನು ಹೇಳಲಿ ಎಂಬ ಯೋಚನೆಯೇ. ಓದಿದ್ದು ತಲೆಗೆ ಹತ್ತುತ್ತಿಲ್ಲ. ನನಗೆ ಓದಲು ಬರುವುದಿಲ್ಲವೇ? ಅನಿಸಿದ್ದನ್ನು ಹೇಳುವುದು ತಪ್ಪೇ? ಬಳಗ ಬಿಡಲೇ? ಇನ್ನೊಂದು ಪ್ರಶ್ನೆ: ನನ್ನ ಅಕ್ಕನಿಗೂ ಓದುವ ಅಭ್ಯಾಸವಿದೆ. ಈ ಕಾದಂಬರಿಯನ್ನು ಅವಳಿಗೆ ಕೊಡಲೇ?

ಉತ್ತರ:

ನಿಮ್ಮ ಪತ್ರದಲ್ಲಿ ಒಂದು ಸಣ್ಣ ವಾಕ್ಯವಿದೆ: ಮನೆಯಲ್ಲಿ ಓದುವಾಗ ಅಳು ಬರಲಿಲ್ಲ. ಅದನ್ನು ಬರೆದು ನೀವು ಮುಂದೆ ಹೋಗಿಬಿಟ್ಟಿರಿ, ನಾನು ಅಲ್ಲೇ ನಿಂತೆ. ಅಕ್ಕನ ಬದುಕಿಗೆ ಅಷ್ಟು ಹತ್ತಿರದ ಕತೆಯನ್ನು ಎರಡು ರಾತ್ರಿ ಒಬ್ಬರೇ ಕುಳಿತು ಕೊನೆಯವರೆಗೆ ಓದಿದ್ದೀರಿ. ಓದಲು ಬಾರದವರಿಗೆ ಆಗುವ ಕೆಲಸವಲ್ಲ ಅದು. ಅಳು ಬಂದದ್ದು ಹತ್ತು ಜನರ ನಡುವೆ, ಪಕ್ಕದಲ್ಲಿದ್ದವರು ಒಂದು ಮಾತು ಆಡಿದ ಮೇಲೆ.

ತುಮಕೂರಿನಲ್ಲಿ 31 ವರ್ಷ ಕನ್ನಡ ಪಾಠ ಹೇಳಿ, 14 ವರ್ಷಗಳಿಂದ ಒಂದು ಓದುಬಳಗ ನಡೆಸುತ್ತಿದ್ದೇನೆ. ಬಳಗದಲ್ಲಿ ಓದುವವರಿಗೆ ಎರಡು ಬಗೆಯ ಅನಿಸಿಕೆಗಳು ಹುಟ್ಟುವುದನ್ನು ಕಂಡಿದ್ದೇನೆ: ಒಂದು ಪುಸ್ತಕದ ಬಗ್ಗೆ, ಇನ್ನೊಂದು ಜೊತೆಗೆ ಓದಿದವರ ಬಗ್ಗೆ. ಎರಡೂ ಒಂದೇ ಬಾಯಿಂದ ಒಂದೇ ಹೊತ್ತಿಗೆ ಬರುವುದರಿಂದ ಬೇರ್ಪಡಿಸುವುದು ಕಷ್ಟ. ‘ಈ ಕಾದಂಬರಿ ಹಿಡಿಸಲಿಲ್ಲ’ ಎಂದವರನ್ನು ಸ್ವಲ್ಪ ಕೆದಕಿದರೆ, ಹಿಡಿಸದೆ ಹೋದದ್ದು ಅದನ್ನು ಆರಿಸಿದವರ ಗತ್ತು ಎಂದು ಎಷ್ಟೋ ಸಲ ಹೊರಬೀಳುತ್ತದೆ. ನಿಮ್ಮ ಮೂರು ತಿಂಗಳ ಸಂಕಟದಲ್ಲಿ ಪುಸ್ತಕಗಳ ಪಾಲು ಕಡಿಮೆ, ಮಹಡಿಯ ಮೇಲಿನ ಆ ಕೋಣೆಯ ಪಾಲೇ ಹೆಚ್ಚು ಎಂದು ನನಗೆ ತೋರುತ್ತದೆ.

ಮೊದಲು ಆ ಮಾತನ್ನೇ ನೋಡೋಣ. ‘ಅಂಥವರು ಪೂರ್ತಿ ಸರಿಹೋಗುವುದಿಲ್ಲ’ ಎಂಬುದು ವೈದ್ಯರ ಲೆಕ್ಕದಲ್ಲೂ ತಪ್ಪು, ಕಾದಂಬರಿಯ ಲೆಕ್ಕದಲ್ಲೂ ತಪ್ಪು. ಬಾಣಂತನದಲ್ಲಿ ಕಾಣಿಸಿಕೊಳ್ಳುವ ತೀವ್ರ ಮಾನಸಿಕ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡು ಎನ್ನುವಷ್ಟು ವಿರಳ. ತುರ್ತಾಗಿ ಚಿಕಿತ್ಸೆ ಬೇಕಾದದ್ದು ನಿಜ, ಆದರೆ ಚಿಕಿತ್ಸೆ ಸಿಕ್ಕ ಬಹುಪಾಲು ತಾಯಂದಿರು ಗುಣವಾಗುತ್ತಾರೆ. ಮತ್ತೊಂದು ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಇರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇರಿಸಿಕೊಂಡು ನೋಡಿಕೊಳ್ಳುವ ವಿಭಾಗವೇ ಇದೆ. ನಿಮ್ಮ ಅಕ್ಕ 22 ವರ್ಷಗಳಿಂದ ಚೆನ್ನಾಗಿದ್ದಾರೆ ಎನ್ನುವುದಕ್ಕಿಂತ ಹೆಚ್ಚಿನ ಪುರಾವೆ ನಿಮಗಂತೂ ಬೇಕಿಲ್ಲ.

ಇನ್ನು ಕಾದಂಬರಿ. ತ್ರಿವೇಣಿ ಮನಶ್ಶಾಸ್ತ್ರ ಓದಿಕೊಂಡಿದ್ದವರು. ಅವರ ನಾಯಕಿ ಕಾವೇರಿ, ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಎಂದು ಒಪ್ಪಿಕೊಳ್ಳಲು ತಯಾರಿಲ್ಲದ ಮನೆ, ಸಂಶಯದ ಕಣ್ಣಿನ ನೆಂಟರಿಷ್ಟರು, ದೂರ ಸರಿದ ಗಂಡ, ಎಲ್ಲರೂ ಸೇರಿ ಅವಳನ್ನು ಮತ್ತೆ ಅಲ್ಲಿಗೇ ತಳ್ಳುತ್ತಾರೆ. ಕಾಯಿಲೆಯನ್ನು ಮರಳಿ ತರುವುದು ಸುತ್ತಲಿನವರ ನೋಟ. 1971ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ಚಿತ್ರವನ್ನು ಎಂದೋ ನೋಡಿದವರ ತಲೆಯಲ್ಲಿ ಕೊನೆಯ ಭಾಗದ ಅಬ್ಬರ ಉಳಿದು, ಅದಕ್ಕೆ ಕಾರಣವಾದ ಸಣ್ಣಸಣ್ಣ ಕ್ರೌರ್ಯಗಳು ಮರೆತುಹೋಗಿರುತ್ತವೆ. (ಪುಸ್ತಕ ಬಿಚ್ಚದೆ ಸಿನಿಮಾ ನೆನಪಿನ ಮೇಲೆ ಸಭೆಗೆ ಬರುವವರು ಎಲ್ಲ ಬಳಗಗಳಲ್ಲೂ ಇರುತ್ತಾರೆ. ನಮ್ಮಲ್ಲೂ ಇದ್ದಾರೆ, ಈ ಉತ್ತರವನ್ನು ಅವರೂ ಓದುತ್ತಾರೆ.)

ಎಂದರೆ ನಿಮ್ಮ ಸಭೆಯಲ್ಲಿ ಆದದ್ದು ಇದು: ಕಾವೇರಿಯ ಮೇಲೆ ಊರು ಹೊರಿಸಿದ ಮಾತನ್ನು ಓದುಗರೊಬ್ಬರು ಎತ್ತಿ, ಅದೇ ಲೇಖಕಿಯ ತೀರ್ಪು ಎಂದರು. ಅದು ತಪ್ಪು ಓದು. ಅದನ್ನು ತಿದ್ದಲು ಆ ಕೋಣೆಯಲ್ಲಿ ನಿಮಗಿಂತ ಹೆಚ್ಚು ತಿಳಿದವರು ಬಹುಶಃ ಯಾರೂ ಇರಲಿಲ್ಲ. ತಿದ್ದಲು ಬಾಯಿ ತೆರೆದಿರಿ, ಅಕ್ಕನ ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತು. ಹೇಳಿದರೆ ನಾಳೆ ಅಕ್ಕನನ್ನು ಜನ ಹೇಗೆ ನೋಡಿಯಾರು ಎಂಬ ಭಯ ಬಂತು. ಆ ಭಯವೇ ಕಾದಂಬರಿಯ ವಸ್ತು. ನೀವು ಪುಸ್ತಕದಿಂದ ಆಚೆ ಹೋಗಿರಲಿಲ್ಲ, ಅದರ ನಟ್ಟನಡುವೆ ಇದ್ದಿರಿ.

ಹಾಗೆಂದು ಅಧಿಕಾರಿಯವರ ಮಾತನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರಿಗೆ ಗೊತ್ತಿದೆಯೋ ಇಲ್ಲವೋ, ಆ ಮಾತಿಗೆ ಸಾವಿರ ವರ್ಷದ ಬೇರು ಇದೆ. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ ಪ್ರಕಟಿಸಿದರು. ಸಂಸ್ಕೃತ ಅಷ್ಟಕ್ಕಷ್ಟೇ ಆಗಿದ್ದ ನನ್ನಂಥವರು ಅಭಿನವಗುಪ್ತನ ಬಾಗಿಲು ತಟ್ಟಿದ್ದು ಆ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು. ಕಾಶ್ಮೀರದ ಈ ಪಂಡಿತ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ, ಎಂದರೆ ಕಲೆಯನ್ನು ಮನಸಾರೆ ಸವಿಯುವುದಕ್ಕೆ, ಅಡ್ಡ ಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನದೇ ಸುಖದುಃಖಗಳ ವಶವಾಗಿರುವುದು. ಮನಸ್ಸು ಅಲ್ಲಿ ಸಿಕ್ಕಿಕೊಂಡಿದ್ದರೆ ಎದುರಿನ ನಾಟಕದಲ್ಲಿ ಅದು ನೆಲೆ ನಿಲ್ಲುವುದು ಹೇಗೆ ಎಂಬುದು ಅವನ ಪ್ರಶ್ನೆ.

ಇಲ್ಲಿಗೆ ನಿಲ್ಲಿಸಿದರೆ ಗೆಲುವು ಅಧಿಕಾರಿಯವರದೇ. ಆದರೆ ಅಭಿನವಗುಪ್ತ ದುಃಖದ ಜೊತೆ ಸುಖವನ್ನೂ ಸೇರಿಸಿದ್ದಾನೆ ಎಂಬುದನ್ನು ಮರೆಯಬಾರದು. ತಾನು ಬಹಳ ಓದಿದವನೆಂಬ ಸುಖದಲ್ಲಿ ಮೈಮರೆತು ಮಾತನಾಡುವವರಿಗೂ ಇದೇ ವಿಘ್ನ ಅನ್ವಯಿಸುತ್ತದೆ, ನನ್ನನ್ನೂ ಸೇರಿಸಿ. ಅದಕ್ಕಿಂತ ಮುಖ್ಯವಾದದ್ದು ಅವನು ಹೇಳುವ ಪರಿಹಾರ: ಹಾಡು, ವಾದ್ಯ, ಅಲಂಕರಿಸಿದ ಮಂಟಪ, ನುರಿತ ಕಲಾವಿದೆಯರು. ಇವೆಲ್ಲ ಸೇರಿ ಬಂದವನ ಭಾರವಾದ ಮನಸ್ಸನ್ನು ಮೆಲ್ಲಗೆ ಬಿಡಿಸಿ ನಾಟಕದ ಕಡೆ ತಿರುಗಿಸುತ್ತವೆ. ಆ ಹೊಣೆ ನಾಟಕ ನಡೆಸುವವರದು. ದುಃಖವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಾ ಎಂದು ನೋಡುಗನಿಗೆ ಹೇಳುವುದು ಪರಿಹಾರಗಳ ಪಟ್ಟಿಯಲ್ಲಿ ಇಲ್ಲ.

ನಮ್ಮ ಊರುಗಳ ಹಳೆಯ ಸಾಮೂಹಿಕ ಓದೂ ಹೀಗೆಯೇ ಇತ್ತು. ಮಳೆ ಬರಲಿ ಎಂದು ವಿರಾಟಪರ್ವ ಓದಿಸುತ್ತಿದ್ದ ದೇವಸ್ಥಾನದ ಜಗಲಿಯಲ್ಲಿ, ಗಮಕಿಗಳು ಕುಮಾರವ್ಯಾಸನನ್ನು ರಾಗವಾಗಿ ಓದುವಾಗ, ವ್ಯಾಖ್ಯಾನ ಹೇಳುವವರು ಒಂದೊಂದೇ ಪದ್ಯ ಬಿಡಿಸುವಾಗ, ಎಷ್ಟು ಅಜ್ಜಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿಲ್ಲ! ಅಭಿಮನ್ಯುವಿನ ಭಾಗ ಬಂದರೆ ಅವರು ಅಳುತ್ತಿದ್ದದ್ದು ಅಭಿಮನ್ಯುವಿಗೋ, ತಾವು ಕಳೆದುಕೊಂಡ ಮಗನಿಗೋ ಎಂದು ಕೇಳುವ ಅವಿವೇಕ ಯಾರಿಗೂ ಇರಲಿಲ್ಲ. ಮುಂದಿನ ಪದ್ಯದ ರಾಗ ಏಳುವ ಹೊತ್ತಿಗೆ ಕಣ್ಣು ಒಣಗಿರುತ್ತಿತ್ತು. ನಿಮ್ಮ ಬಳಗದಲ್ಲಿ ಆ ರಾಗದ ಜಾಗದಲ್ಲಿ ಏನಿದೆ? ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಮೊದಲು ಮಾತನಾಡುವ ಹಿರಿಯರು, ಕೊನೆಗೆ ಕಾಫಿ. ಇದು ನನ್ನ ಊಹೆ, ಆದರೆ ಹೆಚ್ಚು ತಪ್ಪಿರಲಾರದು. ಆ ಕಾಫಿಯನ್ನು ತಂದುಕೊಡುವವರು ನಾಲ್ವರು ಮಹಿಳೆಯರೇ ಎಂಬುದೂ ನನ್ನ ಊಹೆ.

ಸ್ವಂತ ನೆನಪು ಓದಿಗೆ ಅಡ್ಡಿ ಎಂದು ಹೊರಗಿನವರೂ ಹೇಳಿದ್ದಾರೆ. ಇಂಗ್ಲೆಂಡಿನ ಐ.ಎ. ರಿಚರ್ಡ್ಸ್ ಎಂಬ ಅಧ್ಯಾಪಕ ಕೇಂಬ್ರಿಡ್ಜ್‌ನಲ್ಲಿ ಕವಿಗಳ ಹೆಸರು ಹೇಳದೆ ಕವಿತೆಗಳನ್ನು ಹಂಚಿ, ಅನಿಸಿದ್ದನ್ನು ಬರೆದುಕೊಡಿ ಎಂದಿದ್ದ. ಹೆಸರಿಲ್ಲದಿದ್ದರಿಂದ ಹೆಸರಾಂತ ಕವಿಗಳಿಗೂ ಏಟು ಬಿತ್ತು, ಸಾಧಾರಣ ಪದ್ಯಗಳಿಗೂ ಹಾರ ಬಿತ್ತು. 1929ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನದಲ್ಲಿ ಅವನು ಓದಿನ ಅಡ್ಡಿಗಳ ಪಟ್ಟಿ ಕೊಟ್ಟಿದ್ದಾನೆ. ಓದುಗನ ಯಾವುದೋ ನೆನಪು ನಡುವೆ ನುಗ್ಗಿ ಕವಿತೆಯನ್ನು ಎಳೆದೊಯ್ಯುವುದು ಅದರಲ್ಲಿ ಒಂದು. ಓದುವ ಮೊದಲೇ ಮನಸ್ಸಿನಲ್ಲಿ ತಯಾರಾಗಿ ಕುಳಿತ ಅಭಿಪ್ರಾಯ, ಗುಂಡಿ ಒತ್ತಿದಂತೆ ಹೊರಬರುವುದು ಮತ್ತೊಂದು. ‘ಅಂಥವರು ಸರಿಹೋಗುವುದಿಲ್ಲ’ ಎಂಬುದು ಈ ಎರಡನೆಯ ಜಾತಿಯದು. ನಿಮ್ಮ ಹಿರಿಯರು ನೆನಪಿನ ಅಡ್ಡಿಯನ್ನು ಹಿಡಿದು ನಿಲ್ಲಿಸಿದರು, ಸಿದ್ಧ ಅಭಿಪ್ರಾಯವನ್ನು ಮಾತ್ರ ‘ವಸ್ತುನಿಷ್ಠ’ ಎಂದು ಒಳಗೆ ಬಿಟ್ಟುಕೊಂಡರು. ಅದರಲ್ಲಿ ಕಣ್ಣೀರು ಇರಲಿಲ್ಲವಲ್ಲ, ಅದಕ್ಕೆ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಬಳಗದ ಮೂರನೇ ವರ್ಷ ಗುಬ್ಬಿ ಕಡೆಯಿಂದ ಒಬ್ಬ ರೈತರು ಬರುತ್ತಿದ್ದರು, ಅರುವತ್ತು ದಾಟಿದವರು. ಹಳ್ಳಿಯ ಬದುಕಿನ ಒಂದು ಕಾದಂಬರಿಯ ಮೇಲೆ ನಾವೆಲ್ಲ ಎರಡು ಗಂಟೆ ಮಾತನಾಡಿದ ಮೇಲೆ ಅವರು, ‘ಆಷಾಢದಲ್ಲಿ ರಾಗಿ ತೆನೆ ಕೊಯ್ದರು ಎಂದು ಬರೆದಿದ್ದಾರೆ, ನಮ್ಮ ಕಡೆ ಆಗ ಬಿತ್ತನೆ’ ಎಂದರು. ನಾನು ನಕ್ಕು, ‘ಅದು ಕೃಷಿಯ ವಿಷಯವಾಯಿತು, ಸಾಹಿತ್ಯಕ್ಕೆ ಬರೋಣ’ ಎಂದೆ. ಅವರು ಮತ್ತೆ ಬರಲಿಲ್ಲ. ಆಮೇಲೆ ಯೋಚಿಸಿದರೆ, ಆ ಕಾದಂಬರಿಯ ದೊಡ್ಡ ದೋಷವನ್ನು ಅವರು ಒಂದೇ ವಾಕ್ಯದಲ್ಲಿ ಹಿಡಿದಿದ್ದರು: ಲೇಖಕರು ಆ ಹಳ್ಳಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದರು. ನಾವು ಓದಿದವರು ಎರಡು ಗಂಟೆಯಲ್ಲಿ ಅದನ್ನು ಕಾಣಲಿಲ್ಲ. ಅವರ ‘ವೈಯಕ್ತಿಕ’ ಅನುಭವವೇ ಅಲ್ಲಿ ಅಳತೆಗೋಲಾಗಿತ್ತು. ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ, ಹೋಗಲಿಲ್ಲ.

ಹಾಗಾದರೆ ಅನಿಸಿದ್ದನ್ನೆಲ್ಲ ಹಾಗೆಯೇ ಹೇಳಬಹುದೇ? ಹಾಗೂ ಅಲ್ಲ. ಬರೀ ‘ನನಗೆ ದುಃಖವಾಯಿತು’ ಎಂದರೆ ಉಳಿದ ಹತ್ತು ಜನಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅವರು ಸಮಾಧಾನ ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ರಾಗಿಯ ರೈತರು ಹಾಗೆ ಮಾಡಲಿಲ್ಲ ನೋಡಿ. ಅವರು ಪುಟ ತೋರಿಸಿದರು. ನಿಮ್ಮ ಮನೆಯಲ್ಲಿ ದಿನವೂ ನಡೆಯುವ ಕೆಲಸದಲ್ಲೇ ಇದಕ್ಕೆ ಹೋಲಿಕೆ ಇದೆ. ಬೆಂದ ಗೂಡು ಬಿಸಿನೀರಿನಲ್ಲಿ ತೇಲುತ್ತಿರುವಾಗ ಎಳೆಯ ತುದಿ ಸಿಗುವವರೆಗೆ ಅದು ಬರೀ ಗೂಡು. ತುದಿ ಸಿಕ್ಕರೆ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಓದುವಾಗ ಎದೆ ಹಿಡಿದಂತಾದ, ಸಿಟ್ಟು ಬಂದ, ಪುಸ್ತಕ ಮುಚ್ಚಿಡೋಣ ಎನಿಸಿದ ಜಾಗಗಳಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಕಾರಣ ಆಗಲೇ ಹುಡುಕಬೇಡಿ. ಮುಗಿದ ಮೇಲೆ ಆ ಚುಕ್ಕೆಗಳಿಗೆ ಮಾತ್ರ ಹಿಂದಿರುಗಿ, ಇಲ್ಲಿ ಬರೆದವರು ಏನು ಮಾಡಿದ್ದಾರೆ ಎಂದು ನೋಡಿ: ಯಾರ ಕಣ್ಣಿನಿಂದ ಹೇಳುತ್ತಿದ್ದಾರೆ, ಯಾವ ಮಾತನ್ನು ಆಡಿಸದೆ ಬಿಟ್ಟಿದ್ದಾರೆ, ಇದರ ಹಿಂದಿನ ಪುಟದಲ್ಲಿ ಏನಿತ್ತು. ಐದಾರು ಚುಕ್ಕೆಗಳಲ್ಲಿ ಎರಡು ನಿಮ್ಮ ಸ್ವಂತದ್ದಾಗಿ ಉಳಿಯುತ್ತವೆ, ಅವನ್ನು ಹೇಳಬೇಕಾಗಿಲ್ಲ. ಉಳಿದವು ಸಭೆಗೆ.

ಅಂದು ಏನು ಹೇಳಬಹುದಿತ್ತು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಸರಿಹೋಗುವುದಿಲ್ಲ ಎಂದು ಕಾದಂಬರಿ ಹೇಳುವುದು ಎಲ್ಲಿ? ಆ ಪುಟ ಓದಿ ತೋರಿಸುತ್ತೀರಾ?’ ಇಷ್ಟೇ. ಅಕ್ಕ ಬೇಕಿಲ್ಲ, ಕಣ್ಣೀರು ಬೇಕಿಲ್ಲ. ಓದುಬಳಗದಲ್ಲಿ ಇದಕ್ಕಿಂತ ಮರ್ಯಾದೆಯ, ಇದಕ್ಕಿಂತ ಚೂಪಾದ ಪ್ರಶ್ನೆ ನನಗೆ ಗೊತ್ತಿಲ್ಲ. ಅಲ್ಲಿ ಹೊಳೆಯಲಿಲ್ಲವೆಂದು ಬೇಸರಪಡಬೇಡಿ, ನನಗೂ ಇಂಥವೆಲ್ಲ ಮನೆಗೆ ಬಂದು ಕಾಲು ತೊಳೆಯುವಾಗಲೇ ಹೊಳೆಯುವುದು.

ಈಗ ಅಕ್ಕನ ವಿಷಯ ಸಭೆಗೆ ಹೇಳಬೇಕೇ ಎಂಬುದು. ಅದರಿಂದ ಒಳ್ಳೆಯದಾಗಲೂಬಹುದು. ಆ ಮಾತು ಆಡಿದವರಿಗೆ ನಾಚಿಕೆಯಾಗಬಹುದು, ಇನ್ನೊಬ್ಬರು ತಮ್ಮ ಮನೆಯ ಕತೆ ಬಿಚ್ಚಬಹುದು; ನಮ್ಮ ಬಳಗದಲ್ಲಿ ಹಾಗೆ ಆದದ್ದುಂಟು. ಆದರೆ ಆ ಕತೆ ಅಕ್ಕನದು, ನಿಮ್ಮದಲ್ಲ. ಆ ಹೆರಿಗೆಯಲ್ಲಿ ಹುಟ್ಟಿದ ಮಗುವಿಗೆ ಈಗ 22 ವರ್ಷ. ಹೆಣ್ಣಾಗಲಿ ಗಂಡಾಗಲಿ, ಸಂಬಂಧ ನೋಡುವ ಕಾಲ. ಚಿಕ್ಕಬಳ್ಳಾಪುರದ ಮಹಡಿಯಲ್ಲಿ ಆಡಿದ ಮಾತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ತಲುಪಲು ಎರಡು ದಿನ ಬೇಡ. ‘ನನಗೆ ಗೊತ್ತಿರುವ ಒಬ್ಬರು’ ಎಂದು ಮುಸುಕು ಹಾಕಿ ಹೇಳಿದರೆ ಸಣ್ಣ ಊರುಗಳಲ್ಲಿ ಆ ಮುಸುಕು ನಿಲ್ಲುವುದಿಲ್ಲ, ನೀವು ಅತ್ತದ್ದನ್ನು ಬೇರೆ ಅವರು ನೋಡಿದ್ದಾರೆ. ಅಕ್ಕನನ್ನು ಕೇಳಿ, ಅವರು ಧಾರಾಳವಾಗಿ ಒಪ್ಪಿದರೆ ಮಾತ್ರ ಹೇಳಿ. ಅಲ್ಲಿಯವರೆಗೆ ಯಾಕೆ ಅತ್ತಿರಿ ಎಂದು ಯಾರಾದರೂ ಕೇಳಿದರೆ ‘ಕತೆ ಹಾಗಿತ್ತು’ ಎಂದರೆ ಸಾಕು. ಅದು ಸುಳ್ಳಲ್ಲ.

‘ಮದುಮಗಳು’ ವಿಷಯಕ್ಕೆ ಬರುತ್ತೇನೆ. 60 ಪುಟಕ್ಕೆ ನಿಂತದ್ದು ನಿಮ್ಮ ದೋಷ ಎಂದು ನೀವು ತೀರ್ಮಾನಿಸಿಬಿಟ್ಟಿದ್ದೀರಿ. 1967ರಲ್ಲಿ ಬಂದ ಆ ಕಾದಂಬರಿ ಏಳುನೂರರ ಆಸುಪಾಸು ಪುಟದ್ದು. ಇಂಥವರೇ ನಾಯಕ, ಇಂಥವಳೇ ನಾಯಕಿ ಎಂದು ಕೈಗೆ ಸಿಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು, ದಾರಿಯಲ್ಲಿ ಕಾಡು, ಹಕ್ಕಲು, ಸರಲು, ನಿಲ್ಲದ ಮಳೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಊರಿನಲ್ಲಿ ಕುಳಿತು ಓದುವವರ ಕಣ್ಣಿಗೆ ಆ ಹಸಿರು ಕಟ್ಟಲು ಹೊತ್ತು ಬೇಕು. ಅವಸರ ಬೇಡ ಎಂದು ಕುವೆಂಪು ಹೊಸ್ತಿಲಲ್ಲೇ ಹೇಳಿಟ್ಟಿದ್ದಾರೆ. ಅಂಥದ್ದನ್ನು 30 ದಿನದಲ್ಲಿ ಮುಗಿಸಿ ಬನ್ನಿ ಎಂದು ಶಾಲೆ, ಮನೆ, ಘಟಕ ಮೂರನ್ನೂ ತೂಗಿಸುವವರಿಗೆ ಹೇಳಿದ್ದು ಬಳಗದ ತಪ್ಪು. ನಮ್ಮಲ್ಲಿ ದೊಡ್ಡ ಕಾದಂಬರಿಗಳಿಗೆ ಮೂರು ತಿಂಗಳು ಇಡುತ್ತೇವೆ.

ಮನೆಮಾತು ತೆಲುಗು ಎಂಬುದನ್ನು ನೀವು ತಪ್ಪೊಪ್ಪಿಗೆಯಂತೆ ಬರೆದಿದ್ದೀರಿ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯ ಕನ್ನಡದ ಓದುಗರಲ್ಲಿ ಬಹಳ ಜನ ನಿಮ್ಮ ಹಾಗೆಯೇ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳಾಗಿತ್ತು. ಕನ್ನಡದ ಸಣ್ಣಕತೆ ಅವರಿಂದ ಕೆಟ್ಟಿತೆಂದು ಯಾರೂ ದೂರಿಲ್ಲ. ಮಲೆನಾಡಿನ ಮಾತು ನಿಮಗೆಷ್ಟು ಹೊಸದೋ ತುಮಕೂರಿನ ನನಗೂ ಅಷ್ಟೇ ಹೊಸದಾಗಿತ್ತು.

ಆದರೆ ‘ಅದ್ಭುತ’ ಎಂದದ್ದು ಏಕೆ? ಇದಕ್ಕೆ ನಿಮ್ಮ ಸ್ವಭಾವವನ್ನು ಬೈದುಕೊಳ್ಳುವ ಮೊದಲು ಒಂದು ಹಳೆಯ ಪ್ರಯೋಗ ಕೇಳಿ. 1951ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗವೊಂದನ್ನು ವರದಿ ಮಾಡಿದ. ಕೋಣೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್‌ನ ಕಡೆಯವರು. ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದರು. ಕಣ್ಣಿಗೆ ಕಾಣುವ ಗೆರೆಯ ವಿಷಯದಲ್ಲೂ ಆ ಒಬ್ಬರು ಸುಮಾರು ಮೂರಕ್ಕೊಂದು ಸಲ ಗುಂಪಿನ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿಯುತ್ತರ ಹೇಳಿದರೂ ಈ ಒತ್ತಡ ತಟಕ್ಕನೆ ಇಳಿಯಿತು. ಗೆರೆಯ ಗತಿಯೇ ಹೀಗಿದ್ದರೆ ಕಾದಂಬರಿಯ ಗತಿ ಕೇಳಬೇಕೇ? ನಿಮಗೆ ಬೇಕಾಗಿರುವುದು ಧೈರ್ಯಕ್ಕಿಂತ ಮೊದಲು ಒಬ್ಬ ಜೊತೆಗಾರರು. ಹನ್ನೊಂದು ಜನರಲ್ಲಿ 60 ಪುಟಕ್ಕೇ ನಿಂತವರು ನೀವೊಬ್ಬರೇ ಆಗಿದ್ದರೆ ನನಗೆ ಆಶ್ಚರ್ಯ. ಆ ಇನ್ನೊಬ್ಬರನ್ನು ಹುಡುಕಿ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆಯುವವರು, ಕಾಫಿ ಲೋಟ ತೊಳೆಯುವಾಗ ಪಕ್ಕದಲ್ಲಿ ನಿಲ್ಲುವವರು, ಅವರನ್ನೇ ‘ನಿಜ ಹೇಳಿ, ಎಷ್ಟು ಪುಟ ಓದಿದಿರಿ?’ ಎಂದು ಕೇಳಿ.

ಆಡಿದ ಸುಳ್ಳನ್ನು ಒಪ್ಪಿಕೊಳ್ಳಬೇಕೆಂದು ನಾನು ಒತ್ತಾಯಿಸುವುದಿಲ್ಲ. ಒಪ್ಪಿಕೊಂಡರೆ ಒಬ್ಬಿಬ್ಬರು ನಗಬಹುದು. ಇಬ್ಬರು ಮೂವರು ‘ನಾನೂ ಅಷ್ಟೇ’ ಎಂದಾರು. ನಮ್ಮ ಬಳಗದಲ್ಲಿ ಇದಕ್ಕೊಂದು ಪದ್ಧತಿ ಮಾಡಿಕೊಂಡೆವು: ಕುಳಿತ ಕೂಡಲೇ ಎಲ್ಲರೂ ತಾವು ತಲುಪಿದ ಪುಟದ ಸಂಖ್ಯೆ ಹೇಳುವುದು, ಯಾರೂ ಅದರ ಮೇಲೆ ಟೀಕೆ ಮಾಡಬಾರದು. ಮೊದಲ ತಿಂಗಳು ನಾನೇ 110 ಎಂದೆ. ಪುಸ್ತಕ ಇದ್ದದ್ದು 340 ಪುಟ. ಅರ್ಧ ಓದಿದವರಿಗೂ ಮಾತಿದೆ. ಎಲ್ಲಿ ನಿಂತರು, ಏಕೆ ನಿಂತರು ಎನ್ನುವುದನ್ನು ಮುಗಿಸಿದವರು ಹೇಳಲಾರರು.

ಈಗ ಹಿರಿಯರ ಜೊತೆ ಏನು ಮಾಡುವುದು ಎಂದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆಯಬೇಡಿ, ಅಲ್ಲಿ ಬರೆದದ್ದಕ್ಕೆ ಹತ್ತು ಜನ ಕೈಮುಗಿಯುವ ಚಿಹ್ನೆ ಹಾಕುತ್ತಾರೆ, ಏನೂ ಬದಲಾಗುವುದಿಲ್ಲ. ಒಂದು ಸಂಜೆ ದೂರವಾಣಿ ಮಾಡಿ. ‘ಸರ್, ಅಂದು ನಾನು ಹೇಳಲು ಹೊರಟದ್ದು ಕೃತಿಯ ಬಗ್ಗೆಯೇ ಆಗಿತ್ತು, ಮುಗಿಸಲು ಆಗಲಿಲ್ಲ. ಮುಂದಿನ ಸಲ ಹತ್ತು ನಿಮಿಷ ಕೊಡುತ್ತೀರಾ?’ ಎಂದು ಕೇಳಿ. ದೂರು ಹೇಳಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ಸಮಯ ಕೇಳಿದರೆ ಕೊಡುತ್ತಾರೆ. ಬಹಳ ವರ್ಷ ಮೇಜಿನ ಆಚೆ ಕುಳಿತವರಿಗೆ ಯಾರಾದರೂ ಅತ್ತರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಕಡತದ ಭಾಷೆ ಬಾಯಿಗೆ ಬರುತ್ತದೆ. ಅವರ ಮಾತಿನಲ್ಲಿ ಕೆಡುಕಿತ್ತೆಂದು ನಿಮ್ಮ ಪತ್ರದಿಂದ ನನಗೆ ಅನಿಸಲಿಲ್ಲ. ಆದರೂ ಅವರು ಅದನ್ನು ಇಡೀ ಬಳಗದ ಮುಂದೆ ಪ್ರಸ್ತಾಪಿಸಿ ಮತ್ತೆ ಮುಜುಗರ ಮಾಡುವ ಅಪಾಯವಿದೆ. ಹಾಗಾದೀತೆಂಬ ಭಯವಿದ್ದರೆ ಮನೆಯ ಮಹಡಿ ಕೊಟ್ಟಿರುವ ಸದಸ್ಯರಿಗೆ ಹೇಳಿ. ಕಾಫಿ ಮೊದಲು ಬರಲಿ, ಯಾರಾದರೊಬ್ಬರು ಎರಡು ಪುಟ ಗಟ್ಟಿಯಾಗಿ ಓದಲಿ, ಮೊದಲ ಮಾತು ಸರದಿಯ ಪ್ರಕಾರ ಹೋಗಲಿ ಎಂಬ ಮೂರು ಬದಲಾವಣೆ ಕೇಳಿ. ಅಭಿನವಗುಪ್ತನ ಹಾಡು, ಮಂಟಪಗಳಿಗೆ ನಮ್ಮ ಕಾಲದಲ್ಲಿ ಇಷ್ಟನ್ನಾದರೂ ಹೊಂದಿಸಬಹುದು.

ಬಿಡಬೇಕೇ ಎಂದರೆ, ಇಷ್ಟನ್ನು ಮಾಡಿ ನೋಡಿ ಇನ್ನು ನಾಲ್ಕು ಸಭೆ ಕೊಡಿ ಎನ್ನುತ್ತೇನೆ. ಬಿಟ್ಟರೆ ಓದಿನ ಭಯ ತಕ್ಷಣ ಕಡಿಮೆಯಾಗುತ್ತದೆ. ಆದರೆ ಒಂದೂವರೆ ವರ್ಷ ಸಿಕ್ಕ ಜೊತೆಯೂ ಹೋಗುತ್ತದೆ, ನಮ್ಮ ಊರುಗಳಲ್ಲಿ ಪುಸ್ತಕದ ಬಗ್ಗೆ ಮಾತನಾಡಲು ಹತ್ತು ಜನ ಸಿಗುವುದು ಸುಲಭವಲ್ಲ. ನಾಲ್ಕು ಸಭೆಯ ನಂತರವೂ ಅದೇ ಕತೆಯಾದರೆ ನಿಸ್ಸಂಕೋಚವಾಗಿ ಬಿಡಿ. ಮೂವರಿದ್ದರೂ ಬಳಗವೇ. ಅರಿವು ಕೇಂದ್ರವೆಂದು ಕರೆಯುವ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕುರ್ಚಿಗಳಿವೆ, ಕೇಳಿ ನೋಡಿ. ಅಲ್ಲಿಯವರೆಗೆ ತಿಂಗಳಿಗೊಂದು ಪುಸ್ತಕವನ್ನಾದರೂ ಬಳಗದ ಪಟ್ಟಿಯಲ್ಲಿ ಇಲ್ಲದ್ದನ್ನು, ಯಾರಿಗೂ ಹೇಳಬೇಕಾಗಿಲ್ಲದ್ದನ್ನು ಓದಿ. ಓದಿದ್ದು ತಲೆಗೆ ಹತ್ತುವುದಿಲ್ಲ ಎಂದಿರಲ್ಲ, ಅದಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ.

ನಾನು ಮನೋವೈದ್ಯನಲ್ಲ. ಆ ದಿನದ ನಂತರ ನಿದ್ರೆ ಕೆಟ್ಟಿದ್ದರೆ, ಅಕ್ಕನ ಹಳೆಯ ದಿನಗಳು ಬೇಡವೆಂದರೂ ಕಣ್ಣೆದುರು ಬರುತ್ತಿದ್ದರೆ ಅದನ್ನು ಓದುಬಳಗದ ಸಮಸ್ಯೆ ಎಂದು ತಿಳಿಯಬೇಡಿ. ಅಂದು ನಿಮಗೂ 22 ವರ್ಷ. ಆಸ್ಪತ್ರೆಗೆ ಊಟ ಒಯ್ದವರು ಯಾರು, ಆ ಎಳೆಕೂಸನ್ನು ನೋಡಿಕೊಂಡವರು ಯಾರು ಎಂದು ನೀವು ಬರೆದಿಲ್ಲ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಕೊನೆಯದಾಗಿ ಅಕ್ಕನಿಗೆ ಪುಸ್ತಕ ಕೊಡುವ ಪ್ರಶ್ನೆ. ಅಚ್ಚರಿಯ ಉಡುಗೊರೆಯಾಗಿ ಖಂಡಿತ ಬೇಡ. ಬಾಣಂತನದಲ್ಲಿ ಕಾಯಿಲೆ ಬಿದ್ದ ಒಬ್ಬಳ ಕತೆ ಎಂದು ಮೊದಲೇ ಹೇಳಿ. ಕೊನೆಯನ್ನೂ ಹೇಳಿಬಿಡಿ, ಕಾವೇರಿ ಮತ್ತೆ ಆಸ್ಪತ್ರೆಗೆ ಹೋಗುತ್ತಾಳೆ ಎಂದು. ಕುತೂಹಲ ಕೆಟ್ಟರೆ ಕೆಡಲಿ. ತ್ರಿವೇಣಿಯವರು 1963ರಲ್ಲಿ, ಇನ್ನೂ 34ರ ವಯಸ್ಸಿನಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಗುಣವಾಗಿ ಮನೆಗೆ ಬಂದು 22 ವರ್ಷ ಸಂಸಾರ ನಡೆಸಿದ ಹೆಂಗಸಿನ ಕತೆ ಈ ಪುಸ್ತಕದಲ್ಲಿ ಇಲ್ಲ, ಅದು ನಿಮ್ಮ ಅಕ್ಕನ ಹತ್ತಿರ ಇದೆ. ಓದಿದರೆ ಅವರಿಗೆ ಸಿಟ್ಟು ಬರಬಹುದು, ನಗು ಬರಬಹುದು, ಹೀಗೇನೂ ಇರಲಿಲ್ಲ ಎನ್ನಲೂಬಹುದು. ಬೇಡ ಎಂದರೆ ಮತ್ತೊಮ್ಮೆ ಕೇಳಬೇಡಿ, ಪುಸ್ತಕ ನಿಮ್ಮ ಬೀರುವಿನಲ್ಲೇ ಇರಲಿ. ಬದಲಿಗೆ ಈಗ ಏನು ಓದುತ್ತಿದ್ದೀಯ ಎಂದು ಅವರನ್ನು ಕೇಳಿ, ಅದನ್ನು ನೀವೂ ತಂದು ಓದಿ.